ಸೊಪ್ಪು ಬಿಡಿಸುವವರು ಯಾರು?

ಬೆಳಿಗ್ಗೆ ಆರೂಮುಕ್ಕಾಲಿಗೆ ಬೆಂಗಳೂರಿನ ಹನುಮಂತನಗರದ ನಮ್ಮ ರಸ್ತೆಗೆ ಸೊಪ್ಪಿನ ಗಾಡಿ ಬರುತ್ತದೆ. ದಂಟು, ಮೆಂತ್ಯ, ಸಬ್ಬಸಿಗೆ, ಪಾಲಕ್, ಒಂದೊಂದು ದಿನ ಹೊನಗೊನೆ, ಅದೃಷ್ಟವಿದ್ದರೆ ಚಕ್ಕೋತ. ಮೊದಲೆಲ್ಲ ಗಾಡಿ ನಿಂತರೆ ಏಳೆಂಟು ಹೆಂಗಸರು ಸುತ್ತ ನಿಂತು ಚೌಕಾಶಿ ಮಾಡುತ್ತಿದ್ದರು. ಈಗ ಬರುವವರು ಮೂವರೋ ನಾಲ್ವರೋ, ಅವರಲ್ಲೂ ಹೆಚ್ಚಿನವರು ಅರವತ್ತು ದಾಟಿದವರು. "ವ್ಯಾಪಾರ ಹೇಗಪ್ಪ?" ಅಂತ ಮೊನ್ನೆ ಗಾಡಿಯವನನ್ನು ಕೇಳಿದೆ. "ಕೊತ್ತಂಬರಿ, ಕರಿಬೇವು, ಪುದೀನ ಓಡ್ತದೆ ಸಾರ್. ಸೊಪ್ಪು ನಿಂತೋಯ್ತು. ಯಾರ್ ಬಿಡಿಸ್ತಾರೆ ಹೇಳಿ?" ಅಂದ.

ಗಾಡಿ ಮುಂದಿನ ತಿರುವಿಗೆ ಹೋಯಿತು, ಪ್ರಶ್ನೆ ನನ್ನ ಹತ್ತಿರವೇ ಉಳಿಯಿತು. ಯಾಕೆಂದರೆ ಊಟದ ಬಗ್ಗೆ ಈ ಊರಿನಲ್ಲಿ ತಿಳಿವಳಿಕೆಗೇನೂ ಬರವಿಲ್ಲ. ಸಕ್ಕರೆ ಬಿಡಿ, ಮೈದಾ ಬಿಡಿ, ವಾಕಿಂಗ್ ಮಾಡಿ, ಸಿರಿಧಾನ್ಯ ತಿನ್ನಿ ಅಂತ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಿಂದ ಹಿಡಿದು ಆಟೋ ಓಡಿಸುವವರವರೆಗೆ ಎಲ್ಲರೂ ಹೇಳಬಲ್ಲರು. ಆದರೂ ಲೆಕ್ಕ ತಿರುಗಾಮುರುಗಾ ಇದೆ. 2023ರಲ್ಲಿ ಪ್ರಕಟವಾದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10.1 ಕೋಟಿ, ಇನ್ನೇನು ಗೆರೆ ದಾಟಲಿರುವವರು 13.6 ಕೋಟಿ. ರಕ್ತದೊತ್ತಡ ಇರುವವರು ವಯಸ್ಕರಲ್ಲಿ ಶೇಕಡಾ 35.5. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಗಂಡಸರಲ್ಲೂ ಹೆಂಗಸರಲ್ಲೂ ನೂರಕ್ಕೆ ಸುಮಾರು ಮೂವತ್ತು ಮಂದಿ ತೂಕ ಹೆಚ್ಚಿರುವವರು. 2024ರ ಮೇ ತಿಂಗಳಲ್ಲಿ ಐಸಿಎಂಆರ್ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೊರತಂದ ಆಹಾರ ಮಾರ್ಗಸೂಚಿ, ದೇಶದ ಒಟ್ಟು ರೋಗಭಾರದಲ್ಲಿ ಶೇಕಡಾ 56.4ಕ್ಕೆ ಕೆಟ್ಟ ಆಹಾರಕ್ರಮವೇ ಕಾರಣ ಎಂದಿತು.

ಗೊತ್ತಿದ್ದೂ ಆಗುತ್ತಿಲ್ಲ ಎಂದರೆ ನಾವು ಸಾಮಾನ್ಯವಾಗಿ ಮನಸ್ಸಿನ ಮೇಲೆ ತಪ್ಪು ಹೊರಿಸುತ್ತೇವೆ. ನಾಲಿಗೆ ಚಪಲ, ಸೋಮಾರಿತನ, ಶಿಸ್ತಿಲ್ಲ. ನನಗೆ ಹಾಗನ್ನಿಸುವುದಿಲ್ಲ. ಇದು ಹೆಚ್ಚಾಗಿ ಸಮಯದ ವಿಷಯ, ಕೈಗಳ ವಿಷಯ. ಯಾವ ಅಡುಗೆಗೆ ಎಷ್ಟು ಹೊತ್ತು ಬೇಕು, ಆ ಹೊತ್ತು ಮನೆಯಲ್ಲಿ ಯಾರ ಹತ್ತಿರ ಇದೆ ಎನ್ನುವುದೇ ತಟ್ಟೆಯಲ್ಲಿ ಏನು ಬೀಳಬೇಕೆಂದು ತೀರ್ಮಾನ ಮಾಡುತ್ತಿದೆ.

ಇದು ನನಗೆ ಹೊಳೆದದ್ದು ನನ್ನದೇ ರಿಪೋರ್ಟ್ ಕೈಗೆ ಬಂದಾಗ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 6.1. 5.7ರಿಂದ 6.4ರವರೆಗೆ ಗೆರೆಯ ಮೇಲೆ, 6.5 ಆದರೆ ಕಾಯಿಲೆ. ಏನು ಊಟ ಮಾಡ್ತೀರಿ ಅಂತ ಡಾಕ್ಟರು ಕೇಳಿದರು. "ಮನೆ ಊಟಾನೇ ಡಾಕ್ಟ್ರೇ, ಹೊರಗಡೆ ತಿನ್ನೋದೇ ಇಲ್ಲ" ಅಂದೆ, ಸ್ವಲ್ಪ ಹೆಮ್ಮೆಯಿಂದಲೇ. "ಮನೆ ಊಟ ಅಂದ್ರೆ? ನಿನ್ನೆಯಿಂದ ಹೇಳಿ." ಹೇಳಿದೆ. ಬೆಳಿಗ್ಗೆ ಚಿತ್ರಾನ್ನ. ಮಧ್ಯಾಹ್ನ ಡಬ್ಬಿಯಲ್ಲೂ ಅದೇ ಚಿತ್ರಾನ್ನ, ಮೇಲೊಂದು ಮೊಸರನ್ನ. ಸಂಜೆ ಕಾಫಿ, ಎರಡು ಬೋಂಡ. ರಾತ್ರಿ ಹತ್ತಕ್ಕೆ ಅನ್ನ, ತಿಳಿಸಾರು, ಹಪ್ಪಳ. ಹೇಳುತ್ತಾ ಹೋದ ಹಾಗೆ ನನಗೇ ನಾಚಿಕೆಯಾಯಿತು. ಡಾಕ್ಟರು ಬೈಯಲಿಲ್ಲ. "ಮನೇದೇ, ಸರಿ. ಆದ್ರೆ ಊಟ ಎಲ್ಲಿ?" ಅಂದರು.

ಮರುದಿನ ಪಕ್ಕದ ಮನೆಯಿಂದ ಅಡುಗೆಮನೆಯ ತಕ್ಕಡಿ ಇಸಕೊಂಡು ಬಂದು ಡಬ್ಬಿ ತೂಗಿದೆ. ಅವತ್ತು ತರಕಾರಿ ಬಾತು. ಬಾತು 410 ಗ್ರಾಂ. ಅದರಲ್ಲಿದ್ದ ಹುರುಳಿಕಾಯಿ, ಕ್ಯಾರೆಟ್ಟು, ನಾಲ್ಕು ಬಟಾಣಿ ಎಲ್ಲ ಆರಿಸಿ ಬೇರೆ ಬಟ್ಟಲಿಗೆ ಹಾಕಿದರೆ 38 ಗ್ರಾಂ. ದಿನಕ್ಕೆ ಒಬ್ಬರಿಗೆ ಬೇಕೆಂದು ಮಾರ್ಗಸೂಚಿ ಹೇಳುವ ತರಕಾರಿ ಮತ್ತು ಸೊಪ್ಪು 400 ಗ್ರಾಂ. ಹೆಸರಿಗೆ ತರಕಾರಿ ಬಾತು!

ಈ ಬಾತು ನಮ್ಮ ಊರಿನ ಊಟದ ಕಥೆಯಲ್ಲಿ ಮುಖ್ಯ ಪಾತ್ರ. ಟೊಮೇಟೊ ಬಾತು, ವಾಂಗಿಬಾತು, ಪಲಾವು, ಪುಳಿಯೋಗರೆ, ಬಿಸಿಬೇಳೆಬಾತು, ಮೆಂತ್ಯ ಬಾತು. ರುಚಿಯ ಬಗ್ಗೆ ನನ್ನದೇನೂ ತಕರಾರಿಲ್ಲ. ಅದು ಹೇಗೆ ಮನೆಮನೆಯ ನಿತ್ಯದ ಅಡುಗೆಯಾಯಿತು ಅಂತ ನೋಡಬೇಕು. ಗಂಡ ಹೆಂಡತಿ ಇಬ್ಬರೂ ಏಳೂವರೆಗೆ ಮನೆ ಬಿಡಬೇಕು, ಒಬ್ಬರು ವೈಟ್‌ಫೀಲ್ಡಿಗೆ, ಒಬ್ಬರು ಎಲೆಕ್ಟ್ರಾನಿಕ್ ಸಿಟಿಗೆ. ಮಕ್ಕಳ ಸ್ಕೂಲ್ ವ್ಯಾನು ಅದಕ್ಕೂ ಮೊದಲು. ಅನ್ನ, ಹುಳಿ, ಪಲ್ಯ, ಕೋಸಂಬರಿ ಮಾಡಿದರೆ ನಾಲ್ಕು ಪಾತ್ರೆ, ಒಂದೂಕಾಲು ಗಂಟೆ, ನಾಲ್ಕು ಜನಕ್ಕೆ ಮೂರು ಮೂರು ಡಬ್ಬಿ, ಜೊತೆಗೆ ಹುಳಿ ಚೆಲ್ಲಿ ಬ್ಯಾಗೆಲ್ಲ ಅರಿಶಿನ. ಬಾತಾದರೆ ಒಂದು ಕುಕ್ಕರು, ಮೂರು ಕೂಗು. ತಿಂಡಿಗೂ ಅದೇ, ಡಬ್ಬಿಗೂ ಅದೇ. ಚೆಲ್ಲುವುದಿಲ್ಲ, ಒಂದು ಚಮಚ ಸಾಕು, ಕಂಪ್ಯೂಟರ್ ನೋಡುತ್ತಲೇ ತಿಂದು ಮುಗಿಸಬಹುದು. ಬೆಂಗಳೂರಿನ ಟ್ರಾಫಿಕ್ಕಿಗೆ ಹೇಳಿ ಮಾಡಿಸಿದ ಅಡುಗೆ. ಆ ಒಂದು ಕುಕ್ಕರಿನಲ್ಲಿ ಪಲ್ಯ ಇಲ್ಲ, ಕಾಳು ಇಲ್ಲ, ಮಜ್ಜಿಗೆ ಇಲ್ಲ.

ಹೊರಗಿನ ತಿನಿಸಿನ ಕಥೆಯೂ ಹೆಚ್ಚು ಬೇರೆಯಲ್ಲ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದಾಗಿನಿಂದ ನಿಂತೇ ತಿನ್ನುವ ದರ್ಶಿನಿಗಳು ಊರಿನ ತುಂಬ ಹಬ್ಬಿದವು. ಬಿಸಿ ಬಿಸಿ, ಚೊಕ್ಕ, ಕಡಿಮೆ ದುಡ್ಡು, ಐದು ನಿಮಿಷದಲ್ಲಿ ಕೆಲಸ ಮುಗಿಯಿತು. ಕಾಲೇಜಿನ ದಿನಗಳಲ್ಲಿ ನನ್ನಂಥವರ ಹೊಟ್ಟೆ ತುಂಬಿಸಿದ್ದೇ ಅವು, ಅವುಗಳನ್ನು ಹಳಿಯುವ ಬಾಯಿ ನನ್ನದಲ್ಲ. ಹಬೆಯಲ್ಲಿ ಬೆಂದ, ಹುದುಗು ಬಂದ ಇಡ್ಲಿಗೆ ಹೆಸರಿಡುವುದಕ್ಕೂ ಏನಿಲ್ಲ. ಆದರೆ ಫಲಕ ಓದಿ ನೋಡಿ: ಇಡ್ಲಿ ವಡೆ, ದೋಸೆ, ಖಾರಾಬಾತ್, ಕೇಸರಿಬಾತ್, ರೈಸ್‌ಬಾತ್, ಪೂರಿ. ಅಕ್ಕಿ, ರವೆ, ಮತ್ತೆ ಅಕ್ಕಿ, ಮೈದಾ. ಇದು ತಿಂಡಿಯ ಪಟ್ಟಿ. ತಿಂಡಿ ಎಂದರೆ ಒಂದು ಊಟಕ್ಕೂ ಇನ್ನೊಂದು ಊಟಕ್ಕೂ ನಡುವಿನ ಆಸರೆ. ಹಳೇ ಮೈಸೂರಿನ ಹಳ್ಳಿಗಳಲ್ಲಿ ಹೊಲಕ್ಕೆ ಹೋಗುವವರು ಬೆಳಿಗ್ಗೆ ಉಣ್ಣುತ್ತಿದ್ದರೇ ಹೊರತು ತಿಂಡಿ ತಿನ್ನುತ್ತಿರಲಿಲ್ಲ. ನಗರಕ್ಕೆ ಬಂದ ನಾವು ಆಸರೆಯನ್ನೇ ಮೂರು ಹೊತ್ತಿನ ಊಟ ಮಾಡಿಕೊಂಡೆವು. ಡಾಕ್ಟರು ಕೇಳಿದ "ಊಟ ಎಲ್ಲಿ?" ಎಂಬ ಮಾತಿನ ಅರ್ಥ ನನಗೆ ಆದದ್ದು ಹೀಗೆ.

ಇಷ್ಟಕ್ಕೂ ಬರೀ ಅನ್ನ ತಿಂದರೆ ಒಳಗೆ ಏನಾಗುತ್ತದೆ? ಪಾಲಿಶ್ ಮಾಡಿದ ಅಕ್ಕಿಯಲ್ಲಿ ನಾರಿನಂಶ ಹೆಚ್ಚೂಕಡಿಮೆ ಇಲ್ಲ. ಮೆತ್ತಗೆ ಬೆಂದ ಪಿಷ್ಟ ಹೊಟ್ಟೆಯಿಂದ ಬೇಗ ಕೆಳಗಿಳಿದು ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತದೆ. ಅದನ್ನು ಜೀವಕೋಶಗಳೊಳಗೆ ಕಳಿಸಲು ಮೇದೋಜೀರಕ ಗ್ರಂಥಿ ಇನ್ಸುಲಿನ್ ಸುರಿಸುತ್ತದೆ. ಗ್ಲೂಕೋಸಿಗೆ ಶರೀರದಲ್ಲಿರುವ ದೊಡ್ಡ ಉಗ್ರಾಣ ಮಾಂಸಖಂಡ. ಕುಳಿತೇ ಕೆಲಸ ಮಾಡುವವರಲ್ಲಿ ಆ ಉಗ್ರಾಣ ಚಿಕ್ಕದು, ಬಾಗಿಲೂ ಬಿಗಿ. ಉಳಿದದ್ದು ಕೊಬ್ಬಾಗಿ ಹೊಟ್ಟೆಯ ಸುತ್ತ, ಯಕೃತ್ತಿನ ಒಳಗೆ ಕೂರುತ್ತದೆ. ಅದೇ ಅನ್ನದ ಜೊತೆ ಹಿಡಿ ತುಂಬ ಪಲ್ಯ, ಒಂದು ಬಟ್ಟಲು ಕಾಳು, ಮೊಸರು ಇದ್ದರೆ ನಾರು ಮತ್ತು ಪ್ರೋಟೀನು ಈ ಓಟಕ್ಕೆ ಕಡಿವಾಣ ಹಾಕುತ್ತವೆ, ಸಕ್ಕರೆ ನಿಧಾನವಾಗಿ ಏರುತ್ತದೆ. ತರಕಾರಿ, ಕಾಳು ಮೊದಲು ತಿಂದು ಅನ್ನ ಆಮೇಲೆ ಉಂಡರೂ ಏರಿಕೆ ತಗ್ಗುತ್ತದೆ ಎಂದು ಪರೀಕ್ಷೆಗಳು ತೋರಿಸಿವೆ. ಮದುವೆ ಮನೆಯ ಬಾಳೆಲೆ ನೆನಪಿಸಿಕೊಳ್ಳಿ. ಮೊದಲು ಬರುವುದು ಕೋಸಂಬರಿ, ಪಲ್ಯ; ಅನ್ನ ಬರುವುದು ಅವುಗಳ ನಂತರ. (ನಮ್ಮ ಹಿರಿಯರಿಗೆ ಇನ್ಸುಲಿನ್ ಗೊತ್ತಿತ್ತು ಅಂತ ದಯವಿಟ್ಟು ಇದನ್ನು ಫಾರ್ವರ್ಡ್ ಮಾಡಬೇಡಿ. ಕೋಸಂಬರಿ ಬಡಿಸಿಟ್ಟರೂ ಅನ್ನ ಬರುವ ತನಕ ಕೈ ಕಟ್ಟಿ ಕೂರುವವರೂ ನಾವೇ.)

ಸಣ್ಣಗಿದ್ದೇನೆ, ನನಗೇನೂ ಆಗಲ್ಲ ಎನ್ನುವವರಿಗೆ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ ಅವರ ಜೋಡಿ ಫೋಟೋದ ಕಥೆ ಹೇಳಬೇಕು. 2004ರಲ್ಲಿ ಇಬ್ಬರೂ ತಮ್ಮ ಮೈಯನ್ನೇ ಅಳೆಸಿಕೊಂಡು ಲೆಕ್ಕ ಮುಂದಿಟ್ಟರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತೂಕವನ್ನು ಹೋಲಿಸುವ ಅಳತೆ, ಒಂದೇ: 22.3. ಆದರೆ ಮೈಯಲ್ಲಿದ್ದ ಕೊಬ್ಬು ಯುಡ್ಕಿನ್ ಅವರಿಗೆ ಶೇಕಡಾ 9.1, ಯಾಜ್ಞಿಕ್ ಅವರಿಗೆ 21.2. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ ಎನ್ನುವ ನಮ್ಮ ಮೈಕಟ್ಟಿನ ಗುಟ್ಟು ಇದು. ಅದಕ್ಕೇ ನಮ್ಮವರಿಗೆ ತೂಕದ ಯಂತ್ರಕ್ಕಿಂತ ಟೈಲರ್ ಟೇಪು ನಂಬಿಕಸ್ಥ: ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಎಚ್ಚರ. ನನ್ನದು 96.

ಹಾಗಾದರೆ ಅನ್ನ ಬಿಟ್ಟು ಮುದ್ದೆಗೆ ಹೋಗೋಣವೇ? ಹಿಟ್ಟು ತಿಂದವ ಬೆಟ್ಟ ಕಿತ್ತಿಟ್ಟ ಎನ್ನುವ ನಾಡು ನಮ್ಮದು. ಮುದ್ದೆಯ ಪರವಾಗಿ ಹೇಳಲು ಬೇಕಾದಷ್ಟಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು, ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ರಾಗಿಯಲ್ಲಿ ಕ್ಯಾಲ್ಸಿಯಂ 350 ಮಿಲಿಗ್ರಾಂ ಮೇಲೆ, ಅಕ್ಕಿಯಲ್ಲಿ ಹತ್ತರ ಒಳಗೆ. ಆದರೆ ಪ್ರೋಟೀನಿನಲ್ಲಿ ರಾಗಿ ಅಕ್ಕಿಗಿಂತ ಮೇಲಲ್ಲ, ಎರಡೂ ಏಳೆಂಟು ಗ್ರಾಮಿನ ಆಸುಪಾಸು. ಪಿಷ್ಟವೂ ಬೇಕಾದಷ್ಟಿದೆ. ಸಕ್ಕರೆ ಕಾಯಿಲೆಗೆ ಮುದ್ದೆ ಒಳ್ಳೆಯದಂತೆ ಅಂತ ಎರಡು ದೊಡ್ಡ ಮುದ್ದೆ ನುಂಗಿ, ಮೇಲೆ ಅನ್ನವನ್ನೂ ಉಣ್ಣುವವರನ್ನು ನೋಡಿದ್ದೇನೆ. ಅವರ ಮೀಟರು ಇಳಿಯದಿದ್ದರೆ ತಪ್ಪು ರಾಗಿಯದಲ್ಲ. ಹಿಟ್ಟನ್ನು ನುಣ್ಣಗೆ ಜರಡಿ ಹಿಡಿದು, ಬೆಲ್ಲ ಸೇರಿಸಿ ಮಾಡಿದ ರಾಗಿ ಮಾಲ್ಟಂತೂ ಬೇರೆಯೇ ವಸ್ತು.

ಮುದ್ದೆಯ ದೊಡ್ಡ ಗುಣ ಇನ್ನೊಂದಿದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ: ಅದನ್ನು ಒಂಟಿಯಾಗಿ ಉಣ್ಣಲಾಗುವುದಿಲ್ಲ. ಅದಕ್ಕೆ ಬಸ್ಸಾರು ಬೇಕು, ಉಪ್ಪೆಸರು ಬೇಕು, ಮಸ್ಸೊಪ್ಪು ಬೇಕು, ಹುರುಳಿಕಾಳಿನ ಸಾರು ಬೇಕು. ಬಸ್ಸಾರೆಂದರೆ ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿನಲ್ಲಿ ಸಾರು, ಬಸಿದ ಸೊಪ್ಪು ಕಾಳಿನಲ್ಲಿ ಪಲ್ಯ. ಅಂದರೆ ಮುದ್ದೆ ತಟ್ಟೆಗೆ ಬಂದರೆ ಹಿಂದೆಯೇ ಸೊಪ್ಪೂ ಕಾಳೂ ಬಂದೇ ಬರಬೇಕು. ಬಾತು ತನ್ನಷ್ಟಕ್ಕೆ ತಾನೇ ಸಾಕು, ಯಾರನ್ನೂ ಕರೆದುಕೊಂಡು ಬರುವುದಿಲ್ಲ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ನಮ್ಮ ಅಂಗಡಿಗಳಿಗೆ ಸಿರಿಧಾನ್ಯದ ಬಿಸ್ಕತ್ತು, ನೂಡಲ್ಸು, ಕುರುಕಲು ಬಂದು ತುಂಬಿದವು. ಧಾನ್ಯ ಬಂತು, ಅದರ ಸಂಗಾತಿ ಬರಲಿಲ್ಲ. ಅಂಥ ಪ್ಯಾಕೆಟ್ ಕೈಗೆ ಸಿಕ್ಕರೆ ಹಿಂಬದಿ ತಿರುಗಿಸಿ. ಸಾಮಗ್ರಿಗಳನ್ನು ತೂಕದ ಇಳಿಕೆ ಕ್ರಮದಲ್ಲೇ ಮುದ್ರಿಸಬೇಕು ಎಂಬ ನಿಯಮವಿದೆ. ಮೊದಲ ಹೆಸರು ಗೋಧಿ ಹಿಟ್ಟೋ ಮೈದಾವೋ ಆಗಿದ್ದು ರಾಗಿ ನಾಲ್ಕನೆಯದಾಗಿದ್ದರೆ, ಮುಂದಿನ ಚಿತ್ರದಲ್ಲಿರುವ ರಾಗಿ ತೆನೆಯನ್ನು ಚಿತ್ರ ಎಂದಷ್ಟೇ ತಿಳಿಯಿರಿ.

ಬೇಳೆಯ ಲೆಕ್ಕವನ್ನೂ ಮಾಡಿದೆ. ದಿನಕ್ಕೆ ಬೇಳೆಕಾಳು ಒಬ್ಬರಿಗೆ 85 ಗ್ರಾಂ ಅಂತ ಮಾರ್ಗಸೂಚಿ. ನಮ್ಮ ಮನೆಯಲ್ಲಿ ಐದು ಜನ. ಸಾರಿಗೆ ಹಾಕುವ ತೊಗರಿಬೇಳೆ ಒಂದು ಲೋಟ, ಅಂದರೆ 150 ಗ್ರಾಂ ಇರಬಹುದು. ತಲೆಗೆ 30 ಗ್ರಾಂ ಬಂತು, ಅದೂ ತಿಳಿಸಾರಾದರೆ ತಳದಲ್ಲೇ ಉಳಿಯುತ್ತದೆ. ಸಾರು ಚೆನ್ನಾಗಿದೆ ಅಂತ ಮೂರು ಸಲ ಬಡಿಸಿಕೊಂಡರೆ ಮೂರು ಸಲವೂ ಜಾಸ್ತಿಯಾಗುವುದು ಅನ್ನ.

ಈಗ ಗಾಡಿಯವನ ಪ್ರಶ್ನೆಗೆ ಬರೋಣ. ಒಂದು ಕಟ್ಟು ಮೆಂತ್ಯ ಸೊಪ್ಪು ಬಿಡಿಸಲು ಗಡಿಯಾರ ಇಟ್ಟುಕೊಂಡು ಕೂತೆ. ಹಳದಿ ಎಲೆ ತೆಗೆದು, ಬೇರು ಕಿತ್ತು, ಒಂದೊಂದೇ ಎಲೆ ಬಿಡಿಸಿ, ಮೂರು ನೀರಿನಲ್ಲಿ ಮಣ್ಣು ತೊಳೆಯಲು ಇಪ್ಪತ್ತಾರು ನಿಮಿಷ ಆಯಿತು. ಬೆಂದ ಮೇಲೆ ಅದು ಒಂದು ಹಿಡಿ. ನಮ್ಮಮ್ಮನಿಗಾದರೆ ಹನ್ನೆರಡು ನಿಮಿಷ ಸಾಕು, ಅವಳದು ಅರವತ್ತು ವರ್ಷದ ಕೈ. ಅಷ್ಟು ಹೊತ್ತು ಯಾರ ಲೆಕ್ಕದಲ್ಲಿ ಖರ್ಚಾಗುತ್ತದೆ? ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ ಉತ್ತರ ಇದೆ. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಗಂಡಸರು 88 ನಿಮಿಷ, ಅದೂ ಕೆಲಸದಲ್ಲಿ ಕೈ ಹಾಕುವ ಗಂಡಸರು ಮಾತ್ರ.

ಇದನ್ನು ಬದಿಗಿಟ್ಟು "ದಿನಾ ಸೊಪ್ಪು ತಿನ್ನಿ, ಕಾಳು ಮೊಳಕೆ ಕಟ್ಟಿ, ತಾಜಾ ಅಡುಗೆ ಮಾಡಿ" ಅಂತ ಉಪದೇಶ ಮಾಡಿದರೆ, ಆ ಉಪದೇಶ ಬೀಳುವುದು ಈಗಾಗಲೇ ಐದಕ್ಕೆ ಏಳುವವಳ ತಲೆಯ ಮೇಲೆ. ಅವಳು ನಾಲ್ಕೂವರೆಗೆ ಏಳಬೇಕು, ಅಷ್ಟೇ. ಗಂಡನ ಸಕ್ಕರೆ ಇಳಿಯಬಹುದು, ಅವಳ ನಿದ್ದೆ ಕೆಡುತ್ತದೆ. ನಿದ್ದೆ ಕೆಟ್ಟರೆ ಸಕ್ಕರೆ, ರಕ್ತದೊತ್ತಡ ಎರಡೂ ಕೆಡುತ್ತವೆ ಎನ್ನುವುದು ಗೊತ್ತಿರುವ ವಿಷಯ. ಆರೋಗ್ಯದ ಅಂಕಣಗಳಲ್ಲಿ ನನಗೆ ಸಿಟ್ಟು ಬರಿಸುವ ವಾಕ್ಯ ಒಂದಿದ್ದರೆ ಅದು "ಗೃಹಿಣಿಯರು ಗಮನಿಸಬೇಕು" ಎನ್ನುವುದು.

ತಮಾಷೆ ನೋಡಿ, ಚಳಿಗಾಲದಲ್ಲಿ ಅವರೆಕಾಯಿ ಬಂದಾಗ ಈ ಲೆಕ್ಕ ಬದಲಾಗುತ್ತದೆ. ಸೊನೆ ಸುವಾಸನೆಯ ಅವರೆ ಎರಡು ಕೆಜಿ ತಂದು, ರಾತ್ರಿ ನೆನೆಹಾಕಿ, ಮನೆಮಂದಿಯೆಲ್ಲ ಬಟ್ಟಲು ಮುಂದಿಟ್ಟುಕೊಂಡು ಹಿದುಕುತ್ತೇವೆ. ಅಜ್ಜ, ಅಪ್ಪ, ಮಕ್ಕಳು, ಮಾತಿಗೆ ಬಂದ ನೆಂಟರು ಕೂಡ. ಕಾಳು ಮೂಗಿಗೆ ಸಿಡಿದರೆ ನಗು. ಹಿದುಕಿದ ಬೇಳೆ ಸಾರು ಎಂದರೆ ಅದು ಎಲ್ಲರ ಕೆಲಸ. ಮೆಂತ್ಯ ಬಿಡಿಸುವುದು ಮಾತ್ರ ಒಬ್ಬಳ ಕೆಲಸ. ಹಾಗಂತ ಎಲ್ಲಿ ಬರೆದಿದೆಯೋ ಗೊತ್ತಿಲ್ಲ.

ಕೈಗಳಿಲ್ಲದ ಜಾಗಕ್ಕೆ ಮಾರುಕಟ್ಟೆ ಬಂತು. 2014ರಲ್ಲಿ ಸ್ವಿಗ್ಗಿ ಶುರುವಾದದ್ದು ಇದೇ ಊರಿನಲ್ಲಿ. ಈಗ ಹತ್ತು ನಿಮಿಷದಲ್ಲಿ ಬಾಗಿಲಿಗೆ ಸಾಮಾನು ಬರುತ್ತದೆ. ಬಿಡಿಸಿ ತೊಳೆದ ಸೊಪ್ಪು, ಹೆಚ್ಚಿದ ತರಕಾರಿ, ಮೊಳಕೆ ಕಾಳು ಕೂಡ ಬರುತ್ತವೆ, ನಿಜ. ದುಡ್ಡಿದ್ದವರಿಗೆ ಇದು ಒಳ್ಳೆಯ ದಾರಿಯೇ. ಇದರಲ್ಲಿ ಕೀಳರಿಮೆ ಪಡುವಂಥದ್ದೇನಿಲ್ಲ. ಆದರೆ ಅದೇ ಹತ್ತು ನಿಮಿಷಕ್ಕೆ ಚಿಪ್ಸು, ಐಸ್‌ಕ್ರೀಮು, ಪಫ್ಸು ಕೂಡ ಬರುತ್ತವೆ. ರಾತ್ರಿ ಹನ್ನೊಂದಕ್ಕೆ ಫೋನ್ ಹಿಡಿದವರು ದಂಟಿನ ಸೊಪ್ಪು ಹುಡುಕುವುದಿಲ್ಲ. ಮೊದಲು ತಿನ್ನಬೇಕೆನಿಸಿದರೆ ಚಪ್ಪಲಿ ಹಾಕಿಕೊಂಡು ಬೀದಿ ಕೊನೆಯ ಅಂಗಡಿಗೆ ಹೋಗಬೇಕಿತ್ತು. ಹೊರಡುವ ಹೊತ್ತಿಗೆ ಅರ್ಧ ಆಸೆ ಇಳಿದಿರುತ್ತಿತ್ತು. ಆ ಚಪ್ಪಲಿಯ ಅಡ್ಡಿ ಈಗ ಇಲ್ಲ. ನಾನು ಮಾಡಿದ್ದು ಸಣ್ಣ ಕೆಲಸ: ಅಂಥ ಆ್ಯಪ್‌ಗಳನ್ನು ನನ್ನ ಫೋನಿನಿಂದ ತೆಗೆದು ಮನೆಯ ಹಳೇ ಟ್ಯಾಬ್ಲೆಟ್ಟಿಗೆ ಹಾಕಿದೆ. ಆ ಟ್ಯಾಬ್ಲೆಟ್ಟಿಗೆ ಸದಾ ಚಾರ್ಜ್ ಇರುವುದಿಲ್ಲ.

ಪೀಣ್ಯದ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಈ ಮಾತೆಲ್ಲ ಅನ್ವಯಿಸುವುದಿಲ್ಲ. ಬೆಳಗಿನಿಂದ ಸಂಜೆವರೆಗೆ ಹೊಲಿಗೆ ಯಂತ್ರದ ಮುಂದೆ, ಡಬ್ಬಿಯಲ್ಲಿ ಅನ್ನ ಸಾರು, ಇಲ್ಲವೇ ಚಿತ್ರಾನ್ನ. ಮನೆಗೆ ಮರಳುವ ಹೊತ್ತಿಗೆ ಗಾಡಿಯಲ್ಲಿ ಉಳಿದಿರುವುದು ಬಾಡಿದ ಸೊಪ್ಪು. 2023ರ ಜುಲೈನಲ್ಲಿ ಟೊಮೇಟೊ ಕೆಜಿಗೆ ನೂರು ರೂಪಾಯಿ ದಾಟಿದಾಗ ಇಂಥ ಮನೆಗಳಲ್ಲಿ ಕಡಿತವಾದದ್ದು ತರಕಾರಿಯೇ, ಅಕ್ಕಿಯಲ್ಲ. 2013ರಿಂದ ಅನ್ನಭಾಗ್ಯ ಹಸಿವನ್ನು ದೂರ ಇಟ್ಟಿದೆ. ಹಸಿವು ಗೊತ್ತಿಲ್ಲದವರು ಅದನ್ನು ಲೇವಡಿ ಮಾಡುವುದು ನನಗೆ ಸರಿಕಾಣುವುದಿಲ್ಲ. ಆದರೆ ಹೊಟ್ಟೆ ತುಂಬುವುದೂ ಮೈಗೆ ಬೇಕಾದದ್ದು ಸಿಗುವುದೂ ಬೇರೆ ಬೇರೆ. ಸರ್ಕಾರಕ್ಕೂ ಇದು ತಡವಾಗಿ ಹೊಳೆದಂತಿದೆ: 2025ರ ಅಕ್ಟೋಬರಿನಲ್ಲಿ, ಹೆಚ್ಚುವರಿ ಐದು ಕೆಜಿ ಅಕ್ಕಿಯ ಬದಲು ಬೇಳೆಕಾಳು, ಅಡುಗೆ ಎಣ್ಣೆ, ಸಕ್ಕರೆ, ಉಪ್ಪು ಇರುವ ಕಿಟ್ ಕೊಡಲು ಸಂಪುಟ ತೀರ್ಮಾನಿಸಿತು. ಬೇಳೆ ಬಂದದ್ದು ಸಂತೋಷ. ಸಕ್ಕರೆಯ ಜಾಗದಲ್ಲಿ ಹುರುಳಿಯೋ ಅಲಸಂದೆಯೋ ಇದ್ದಿದ್ದರೆ ಇನ್ನೂ ಸಂತೋಷವಾಗುತ್ತಿತ್ತು.

ಸರ್ಕಾರದ ಕಣ್ಣಿಗೆ ಬೀಳುವುದು ಹೆಚ್ಚಾಗಿ ಬಣ್ಣ. 2024ರ ಮಾರ್ಚಿನಲ್ಲಿ ಗೋಬಿ ಮಂಚೂರಿಗೆ, ಬಾಂಬೆ ಮಿಠಾಯಿಗೆ ಹಾನಿಕರ ಕೃತಕ ಬಣ್ಣ ಹಾಕುವುದನ್ನು ರಾಜ್ಯ ನಿಷೇಧಿಸಿತು. 2025ರ ಫೆಬ್ರುವರಿಯಲ್ಲಿ ಇಡ್ಲಿ ಬೇಯಿಸುವಾಗ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸುವುದಕ್ಕೂ ತಡೆ ಬಿತ್ತು. ಎರಡೂ ಆಗಲೇಬೇಕಿದ್ದವು. ಆದರೆ ಬಣ್ಣ ತೆಗೆದ ಗೋಬಿ ಮಂಚೂರಿ ಏನಾಯಿತು? ಮೈದಾ ಹಿಟ್ಟಿನಲ್ಲಿ ಅದ್ದಿ, ಕಾದು ಕಾದು ಕಪ್ಪಾದ ಎಣ್ಣೆಯಲ್ಲಿ ಕರಿದು, ಉಪ್ಪಿನ ಸಾಸಿನಲ್ಲಿ ಹೊರಳಿಸಿದ ಹೂಕೋಸೇ ಅದು, ಕೆಂಪು ಒಂದು ಇಲ್ಲ. ಕೆಂಪು ಹೋದ ಮೇಲೆ ಒಳ್ಳೆಯದಾಯಿತು ಅಂತ ಜನ ನಿಶ್ಚಿಂತೆಯಿಂದ ತಿನ್ನುತ್ತಿದ್ದಾರೆ.

ಕಾಫಿಯ ವಿಷಯ ಎರಡೇ ಮಾತಿನಲ್ಲಿ ಮುಗಿಸುತ್ತೇನೆ, ಜಾಸ್ತಿ ಬರೆದರೆ ಜಗಳವಾಗುತ್ತದೆ. ಹೊರಗಿನಿಂದ ಸೇರಿಸುವ ಸಕ್ಕರೆ ದಿನಕ್ಕೆ 25 ಗ್ರಾಂ ಮೀರಬಾರದು ಅಂತ ಸಲಹೆ. ಟೀ ಚಮಚಕ್ಕೆ ಐದು ಗ್ರಾಂ ಹಿಡಿದರೂ, ಎರಡು ಚಮಚದಂತೆ ದಿನಕ್ಕೆ ನಾಲ್ಕು ಕಾಫಿಗೆ 40 ಗ್ರಾಂ ಆಯಿತು. ಕಾಫಿ ಬಿಡಿ ಅಂತ ಹೇಳುವ ಧೈರ್ಯ ನನಗಿಲ್ಲ, ಆದರೆ ನಮ್ಮ ಊರಿಗೆ ಬೈಟು ಎನ್ನುವ ಸೊಗಸಾದ ಪದ್ಧತಿ ಇದೆ. ಒಂದು ಕಾಫಿ, ಎರಡು ಲೋಟ. ದುಡ್ಡೂ ಅರ್ಧ, ಸಕ್ಕರೆಯೂ ಅರ್ಧ, ಮಾತು ಮಾತ್ರ ಪೂರ್ತಿ.

ನಡಿಗೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. 240 ಎಕರೆಯ ಲಾಲ್‌ಬಾಗಿನಲ್ಲಿ ಮುಂಜಾನೆ ಅರ್ಧ ಗಂಟೆ ಸುತ್ತಿ, ನೇರ ಹೋಟೆಲಿಗೆ ನುಗ್ಗಿ ಬೆಣ್ಣೆ ಹಾಕಿದ ಮಸಾಲೆ ದೋಸೆ ಹೊಡೆಯುವವರ ದೊಡ್ಡ ಬಳಗವೇ ಇದೆ. ಆ ಅರ್ಧ ಗಂಟೆಯಲ್ಲಿ ದೋಸೆಯ ಅರ್ಧವೂ ಕರಗುವುದಿಲ್ಲ. ಹಾಗಂತ ನಡಿಗೆ ವ್ಯರ್ಥವಲ್ಲ, ಅದರ ಲಾಭ ಬೇರೆ ಕಡೆ ಇದೆ. ನಡೆಯುವಾಗ ಕಾಲಿನ ಮಾಂಸಖಂಡ ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ಗ್ಲೂಕೋಸ್ ಎಳೆದುಕೊಳ್ಳುತ್ತದೆ. ಅದಕ್ಕೇ ಊಟವಾದ ಮೇಲಿನ ಹತ್ತು ನಿಮಿಷ ಬಹಳ ಬೆಲೆಬಾಳುತ್ತದೆ. ವಾರಕ್ಕೆ 150 ನಿಮಿಷವಾದರೂ ಮೈ ಬಿಸಿಯಾಗುವಂತೆ ಓಡಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ ಇಪ್ಪತ್ತೆರಡು ನಿಮಿಷ, ಅದನ್ನು ಎರಡು ಊಟದ ಹಿಂದೆ ಹಂಚಿಕೊಂಡರೆ ಮುಗಿಯಿತು. 2025ರ ಆಗಸ್ಟ್ 10ರಂದು ಮೆಟ್ರೊದ ಹಳದಿ ಮಾರ್ಗ ಉದ್ಘಾಟನೆಯಾದ ಮೇಲೆ ನನ್ನ ಕಾಲಿಗೂ ಕೆಲಸ ಸಿಕ್ಕಿದೆ. ಆರ್‌.ವಿ. ರಸ್ತೆ ನಿಲ್ದಾಣದ ಮೆಟ್ಟಿಲು, ಆ ಕಡೆ ಇಳಿದು ಆಫೀಸಿನವರೆಗಿನ ನಡಿಗೆ. ನಡಿಗೆ ಎಂದೆನಾ? ಫುಟ್‌ಪಾತಿನ ಮೇಲೆ ಬರುವ ಸ್ಕೂಟರಿಗೆ ದಾರಿ ಬಿಡುವುದು, ತೆರೆದ ಚಪ್ಪಡಿ ಹಾರುವುದು, ಕೇಬಲ್ ಸುರುಳಿ ದಾಟುವುದು. ವ್ಯಾಯಾಮಕ್ಕೆ ಮೋಸವಿಲ್ಲ. ಆದರೆ ನಮ್ಮಮ್ಮನನ್ನು ಆ ಫುಟ್‌ಪಾತಿನ ಮೇಲೆ ವಾಕಿಂಗಿಗೆ ಕಳಿಸಲಾರೆ.

ಊಟದ ಹೊತ್ತು ಕೂಡ ಲೆಕ್ಕಕ್ಕೆ ಬರುತ್ತದೆ. ರಾತ್ರಿಯಾದಂತೆ ಇನ್ಸುಲಿನ್ನಿಗೆ ಮೈ ಓಗೊಡುವುದು ಕಡಿಮೆ; ಬೆಳಿಗ್ಗೆ ಉಂಡ ಅದೇ ಅನ್ನ ರಾತ್ರಿ ಹತ್ತಕ್ಕೆ ಉಂಡರೆ ಸಕ್ಕರೆ ಹೆಚ್ಚು ಏರುತ್ತದೆ. ಅಮೆರಿಕದ ಹೊತ್ತಿಗೆ ಮೀಟಿಂಗ್ ಇರುವವರಿಗೆ ಇದು ಗೊತ್ತಿದ್ದೂ ಪ್ರಯೋಜನವಿಲ್ಲ. ಅಂಥವರಲ್ಲಿ ಕೆಲವರು ಏಳಕ್ಕೇ ಊಟ ಮುಗಿಸಿ, ಕರೆ ಮುಗಿದ ಮೇಲೆ ಒಂದು ಲೋಟ ಮಜ್ಜಿಗೆ ಕುಡಿದು ಮಲಗುತ್ತಾರೆ. ನನಗೆ ಗೊತ್ತಿರುವ ಒಳ್ಳೆಯ ಹೊಂದಾಣಿಕೆ ಅದೊಂದೇ.

ಇನ್ನು ಅಭ್ಯಾಸ ಎಂಬ ಮಾತು. 21 ದಿನ ಮಾಡಿದರೆ ಯಾವುದೇ ಅಭ್ಯಾಸ ಅಂಟಿಕೊಳ್ಳುತ್ತದೆ ಎಂದು ಜಿಮ್ಮುಗಳ ಗೋಡೆಯ ಮೇಲೆ ಬರೆದಿರುತ್ತಾರೆ. ಇದರ ಮೂಲ ಪ್ಲಾಸ್ಟಿಕ್ ಸರ್ಜರಿ ಮಾಡುತ್ತಿದ್ದ ಅಮೆರಿಕದ ವೈದ್ಯರೊಬ್ಬರು 1960ರಲ್ಲಿ ಬರೆದ ಮಾತು. ತಮ್ಮ ರೋಗಿಗಳು ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕನಿಷ್ಠ ಅಷ್ಟು ದಿನ ಹಿಡಿಯುತ್ತದೆ ಎಂದಿದ್ದರು ಅವರು. ಊಟದ ಅಭ್ಯಾಸಕ್ಕೂ ಅದಕ್ಕೂ ಎತ್ತಣಿಂದೆತ್ತ ಸಂಬಂಧ? ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ದಿನದಿನವೂ ಗಮನಿಸಿ ನೋಡಿದಾಗ ಕಂಡದ್ದು ಸರಾಸರಿ 66 ದಿನ. ಕೆಲವರಿಗೆ 18, ಕೆಲವರಿಗೆ 254 ದಿನ ಬೇಕಾಗಬಹುದೆಂಬ ಅಂದಾಜು. ಒಂದು ದಿನ ತಪ್ಪಿದರೆ ಎಲ್ಲ ಹಾಳಾಗುವುದಿಲ್ಲ ಎಂಬುದೂ ಗೊತ್ತಾಯಿತು. ಇನ್ನೊಂದು ಅಂಶ ನನಗೆ ಹೆಚ್ಚು ಉಪಯೋಗಕ್ಕೆ ಬಂತು: ಹೊಸ ಕೆಲಸವನ್ನು ದಿನಾ ತಪ್ಪದೆ ನಡೆಯುವ ಹಳೆಯ ಕೆಲಸದ ಬಾಲಕ್ಕೆ ಕಟ್ಟಬೇಕು. ಬೆಳಿಗ್ಗೆ ಬೇಗ ಎದ್ದು ಪಲ್ಯ ಮಾಡುತ್ತೇನೆ ಅಂತ ನಾನು ಮಾಡಿದ ಪ್ರತಿಜ್ಞೆ ನಾಲ್ಕು ದಿನ ಬಾಳಿತು. ಬೆಳಿಗ್ಗೆ ನಮ್ಮ ಮನೆಯಲ್ಲಿ ಹೊಸ ಕೆಲಸಕ್ಕೆ ಜಾಗವೇ ಇಲ್ಲ. ರಾತ್ರಿ ಇದೆ. ಎಂಟೂವರೆಗೆ ಅಮ್ಮನ ಧಾರಾವಾಹಿ ಶುರುವಾಗುತ್ತದೆ, ಮಳೆ ಬರಲಿ, ನೆಂಟರು ಬರಲಿ, ಅದು ತಪ್ಪುವುದಿಲ್ಲ.

ಆ ಹೊತ್ತಿಗೆ ಈಗ ಟೀವಿ ಮುಂದೆ ಹಳೇ ಪೇಪರು ಹಾಸುತ್ತೇವೆ. ಸೋಮವಾರ, ಬುಧವಾರ, ಶುಕ್ರವಾರ ಸೊಪ್ಪು. ಭಾನುವಾರ ಅಲಸಂದೆಯೋ ಹೆಸರುಕಾಳೋ ನೆನೆಹಾಕಿ ಮೊಳಕೆ ಕಟ್ಟುವುದು ನನ್ನ ಕೆಲಸ. ಬಿಡಿಸಿದ ಸೊಪ್ಪನ್ನು ತೊಳೆಯದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆ ತೊಳೆದು ಹೆಚ್ಚಿ ಒಗ್ಗರಣೆ ಹಾಕಲು ಹತ್ತು ನಿಮಿಷ ಸಾಕು. ಡಬ್ಬಿಯಲ್ಲಿ ಈಗಲೂ ಬಾತು ಇರುತ್ತದೆ, ಅರ್ಧ ಡಬ್ಬಿ. ಉಳಿದರ್ಧ ಪಲ್ಯ, ಪಕ್ಕದಲ್ಲಿ ಕಾಳು. ವಾರದಲ್ಲಿ ಒಂದೆರಡು ದಿನ ತಪ್ಪುತ್ತದೆ. ಕಳೆದ ಶುಕ್ರವಾರ ಮದುವೆ ಇತ್ತು, ಶನಿವಾರ ಚಿತ್ರಾನ್ನವೇ ಆಯಿತು. ಎಚ್‌ಬಿಎ1ಸಿ ಮುಂದಿನ ತಿಂಗಳು ಮತ್ತೆ ನೋಡಿಸಬೇಕು. ಟೇಪು ಮಾತ್ರ ಸದ್ಯಕ್ಕೆ 94 ಎನ್ನುತ್ತಿದೆ.

ನಿನ್ನೆ ದಂಟಿನ ಸೊಪ್ಪು. ಹತ್ತನೇ ಕ್ಲಾಸಿನ ಮಗ ಫೋನ್ ಪಕ್ಕಕ್ಕಿಟ್ಟು ಕೂತಿದ್ದ, ಕೂತಿದ್ದ ಅನ್ನುವುದಕ್ಕಿಂತ ಕೂರಿಸಿದ್ದೆವು. ಎಲೆ ಕಿತ್ತು ಬಟ್ಟಲಿಗೆ ಹಾಕಿ, ಕಡ್ಡಿಯನ್ನೆಲ್ಲ ಪೇಪರಿನ ಮೇಲೆ ಕಸದ ಗುಡ್ಡೆಗೆ ಎಸೆಯುತ್ತಿದ್ದ. ಅಮ್ಮ ಟೀವಿಯಿಂದ ಕಣ್ಣು ತೆಗೆಯದೆಯೇ ಅಂದಳು, "ಏ, ದಂಟು ಬಿಸಾಕ್ಬೇಡ ಕಣೋ. ನಾರು ತೆಗೆದಿಡು, ನಾಳೆ ಸಾರಿಗೆ ಹಾಕ್ತೀನಿ."